ಕೋಳಿಯನ್ನು ಕಾವಿಗೆ ಇಡುವ ಕ್ರಮ: ಮೊಟ್ಟೆ ಆರಿಸುವಲ್ಲಿಂದ ಮರಿ ಅಂಗಳಕ್ಕೆ ಇಳಿಯುವವರೆಗೆ

ಹೇಂಟೆ ಹಗಲು ಎರಡು ಗಂಟೆ ಗೂಡಿನಲ್ಲಿ ಕೂತಿತೆಂದು ಅವಸರದಲ್ಲಿ ಅಡಿಗೆ ಹತ್ತು ಮೊಟ್ಟೆ ಸರಿಸುವವರಿದ್ದಾರೆ. ಮೊಟ್ಟೆ ಇಡಲು ಕೂತ ಕೋಳಿಯೂ ಹಾಗೆಯೇ ಕೂರುತ್ತದೆ, ಇಟ್ಟು ಮುಗಿದ ಮೇಲೆ ಎದ್ದು ಹೋಗುತ್ತದೆ. ನಿಜವಾಗಿ ಕಾವು ಬಂದದ್ದು ಗೊತ್ತಾಗುವುದು ರಾತ್ರಿ. ಉಳಿದ ಕೋಳಿಗಳೆಲ್ಲ ಕೋಲು ಹತ್ತಿ ಮಲಗಿದ ಮೇಲೂ ಒಂದು ಮಾತ್ರ ಮೊಟ್ಟೆ ಇಟ್ಟ ಜಾಗದಲ್ಲೇ ಚಪ್ಪಟೆಯಾಗಿ ಕೂತಿದ್ದರೆ, ಕೈ ಹತ್ತಿರ ಒಯ್ದಾಗ ಪುಕ್ಕ ಕೆದರಿ ಗದರಿ ಕುಕ್ಕಿದರೆ, ಎತ್ತಿ ಹೊರಗೆ ಬಿಟ್ಟರೂ ಸ್ವಲ್ಪ ಹೊತ್ತಿನಲ್ಲೇ ಮರಳಿ ಬಂದು ಕೂತರೆ ಅದು ಕಾವಿನ ಕೋಳಿ. ಎದೆಯಡಿಯ ಪುಕ್ಕ ಉದುರಿ ಚರ್ಮ ಕಾಣುತ್ತದೆ, ಮುಟ್ಟಿದರೆ ಬಿಸಿ. ದಿನಕ್ಕೊಮ್ಮೆ ಎದ್ದಾಗ ಹಾಕುವ ಹಿಕ್ಕೆ ಮಾಮೂಲಿಗಿಂತ ದೊಡ್ಡದು, ನಾರುತ್ತದೆ. ಅದನ್ನು ಕಂಡು ರೋಗವೆಂದು ಮದ್ದು ಹಾಕಬೇಡಿ. ನಮ್ಮ ಕಾಸರಗೋಡಿನಲ್ಲಿ ಮಲಯಾಳ ಮಾತಾಡುವ ನೆರೆಯವರು ಈ ಕೂರುವಿಕೆಯನ್ನೇ ‘ಅಡ’ ಎನ್ನುತ್ತಾರೆ. ಕಾವಿನ ಕೋಳಿಗೆ ವಿಚಾರಿಸುವಾಗ ಆ ಪದ ಗೊತ್ತಿದ್ದರೆ ಕೆಲಸ ಸುಲಭ.

ಎಲ್ಲ ಜಾತಿಯ ಕೋಳಿಗೂ ಈ ಗುಣ ಇರುವುದಿಲ್ಲ. ಮೊಟ್ಟೆಗೆಂದೇ ತಳಿ ಮಾಡಿದ ಅತುಲ್ಯ, ಬಿವಿ 380, ಗ್ರಾಮಶ್ರೀ, ಮೊಟ್ಟೆ, ಮಾಂಸ ಎರಡಕ್ಕೂ ಸಾಕುವ ಕರ್ನಾಟಕದ ಗಿರಿರಾಜ, ಇವು ಕಾವಿಗೆ ಕೂರುವುದು ಅಪರೂಪ, ಕೂತರೂ 21 ದಿನ ಪೂರೈಸುತ್ತವೆಂಬ ಭರವಸೆ ಇಲ್ಲ. ಊರ ಕೋಳಿ, ಅದರಲ್ಲೂ ಹಿಂದೆ ಒಮ್ಮೆಯಾದರೂ ಮರಿ ಮಾಡಿ ಸಾಕಿದ ಹೇಂಟೆ, ಇದಕ್ಕೆ ತಕ್ಕದ್ದು. ಕಪ್ಪು ಮೈಯ ತಲಶ್ಶೇರಿ ಕೋಳಿಯೂ ಆದೀತು. ನಿಮ್ಮಲ್ಲಿರುವುದು ಬರೀ ಮೊಟ್ಟೆ ಕೋಳಿಗಳಾದರೆ ಕಾವಿಗೆಂದೇ ಒಂದೆರಡು ಊರ ಹೇಂಟೆಗಳನ್ನು ಇಟ್ಟುಕೊಳ್ಳಿ. ಒಂದು ಕೋಳಿಯ ಮೊಟ್ಟೆಯನ್ನು ಇನ್ನೊಂದರ ಅಡಿಗೆ ಇಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಮೊಟ್ಟೆ

ಮರಿ ಬಾರದ್ದಕ್ಕೆ ಕೋಳಿಯನ್ನು ಬೈಯುವುದು ಸುಲಭ. ಸೋಲು ಮಾತ್ರ ಹೆಚ್ಚಾಗಿ ಕೋಳಿ ಕೂರುವ ಮೊದಲೇ, ಅಡುಗೆ ಮನೆಯ ಮೊಟ್ಟೆ ಬುಟ್ಟಿಯಲ್ಲೇ ಆಗಿಹೋಗಿರುತ್ತದೆ.

ಮೊದಲನೆಯದು ಹುಂಜ. ಅಂಗಡಿಯ ಬಿಳಿ ಮೊಟ್ಟೆಯಲ್ಲಿ ಮರಿಯಾಗುವುದಿಲ್ಲ, ಆ ಫಾರ್ಮುಗಳಲ್ಲಿ ಹುಂಜವೇ ಇರುವುದಿಲ್ಲ. ಮನೆಯಲ್ಲಿ 8–10 ಹೇಂಟೆಗೆ ಒಂದು ಹುಂಜ ಸಾಕು. ಹೊಸ ಹುಂಜ ತಂದರೆ ಒಂದು ವಾರ ಕಳೆದ ಮೇಲಿನ ಮೊಟ್ಟೆಯನ್ನಷ್ಟೇ ಮರಿಗೆ ಎತ್ತಿಡಿ. ಹುಂಜವನ್ನು ಕೊಟ್ಟುಬಿಟ್ಟಿದ್ದರೂ ಮತ್ತೆ ಸುಮಾರು ಹತ್ತು ದಿನ ಮೊಟ್ಟೆಯಲ್ಲಿ ಫಲ ಇರುತ್ತದೆ, ಆಮೇಲೆ ಇಳಿಯುತ್ತದೆ. ಅದೇ ಹಟ್ಟಿಯಲ್ಲಿ ಹುಟ್ಟಿದ ಹುಂಜವನ್ನೇ ವರ್ಷ ವರ್ಷ ಇಟ್ಟುಕೊಳ್ಳುತ್ತಾ ಹೋದರೆ ಮೊಟ್ಟೆಯೊಳಗೇ ಸಾಯುವ ಮರಿ ಹೆಚ್ಚುತ್ತದೆ. ಎರಡು ವರ್ಷಕ್ಕೊಮ್ಮೆ ದೂರದ ಮನೆಯೊಂದರ ಜತೆ ಹುಂಜ ಬದಲಾಯಿಸಿಕೊಳ್ಳುವುದು ಖರ್ಚಿಲ್ಲದ ಪರಿಹಾರ.

ಎರಡನೆಯದು ಮೊಟ್ಟೆಯ ವಯಸ್ಸು. ಪುಸ್ತಕಗಳಲ್ಲಿ 7 ದಿನ ಎಂದಿರುತ್ತದೆ, ಅದು 15ರಿಂದ 18 ಡಿಗ್ರಿ ತಂಪಿನ ಕೋಣೆಯ ಲೆಕ್ಕ. ಕುಂಬಳೆ, ಮಂಜೇಶ್ವರದ ಕಡೆ ಏಪ್ರಿಲಿನಲ್ಲಿ ಮನೆಯೊಳಗೂ 30 ಡಿಗ್ರಿ ದಾಟುತ್ತದೆ. ಸುಮಾರು 21 ಡಿಗ್ರಿಗಿಂತ ಮೇಲೆ ಹೋದರೆ ಮೊಟ್ಟೆಯೊಳಗಿನ ಜೀವ ಅರೆಬರೆ ಬೆಳೆಯತೊಡಗುತ್ತದೆ. ಬೆಳೆಯಲು ಬೇಕಾದಷ್ಟು ಬಿಸಿ ಇಲ್ಲದ್ದರಿಂದ ದುರ್ಬಲವಾಗಿ ಸಾಯುತ್ತದೆ. ಆದ್ದರಿಂದ ನಮ್ಮಲ್ಲಿ ಬೇಸಿಗೆಯಲ್ಲಿ 4–5 ದಿನ, ಚಳಿಗಾಲದಲ್ಲಿ ಹೆಚ್ಚೆಂದರೆ ಒಂದು ವಾರ. ಫ್ರಿಜ್ಜಿನಲ್ಲಿಟ್ಟದ್ದು ಬೇಡ, ಅಲ್ಲಿನ 4–5 ಡಿಗ್ರಿ ತೀರಾ ತಣ್ಣಗಾಯಿತು. ಮಣ್ಣಿನ ಮಡಕೆಯಲ್ಲಿ ಅಕ್ಕಿಯೋ ಉಮಿಯೋ ಹಾಕಿ, ಚೂಪು ತುದಿ ಕೆಳಗೆ ಬರುವಂತೆ ನಿಲ್ಲಿಸಿ, ಮಡಕೆಯನ್ನು ಮನೆಯ ಅತಿ ತಂಪಾದ ಮೂಲೆಯಲ್ಲಿಡಿ. ಪ್ರತಿ ಮೊಟ್ಟೆಯ ಮೇಲೂ ಪೆನ್ಸಿಲಿನಿಂದ ತಾರೀಕು ಬರೆಯಿರಿ. ಶಾಯಿ ಬೇಡ, ಸಿಪ್ಪೆಯ ರಂಧ್ರಗಳ ಮೂಲಕ ಒಳಗಿಳಿಯುತ್ತದೆ.

ತೊಳೆಯಬಾರದು. ಮೊಟ್ಟೆಯ ಹೊರಮೈಯಲ್ಲಿ ಕಣ್ಣಿಗೆ ಕಾಣದ ಒಂದು ತೆಳು ಪೊರೆ ಇದೆ, ಅದು ರೋಗಾಣುಗಳನ್ನು ಹೊರಗೇ ತಡೆಯುತ್ತದೆ. ತೊಳೆದರೆ ಅದು ಹೋಗಿ, ಕಾವಿನ ಬಿಸಿಗೆ ಮೊಟ್ಟೆ ಕೊಳೆಯುತ್ತದೆ. ಒಣಗಿದ ಮಣ್ಣು ಸ್ವಲ್ಪ ಅಂಟಿದ್ದರೆ ಒಣ ಬಟ್ಟೆಯಿಂದ ಉಜ್ಜಿ ತೆಗೆಯಿರಿ. ಹಿಕ್ಕೆ ಮೆತ್ತಿದ್ದನ್ನು ಆಮ್ಲೆಟ್ಟಿಗೆ ಕಳಿಸಿ.

ಆಕಾರ ನೋಡಿ ಆರಿಸಿ. ತೀರಾ ಉದ್ದ, ತೀರಾ ಗುಂಡು, ಎರಡು ಹಳದಿಯ ದೊಡ್ಡ ಮೊಟ್ಟೆ, ಸಿಪ್ಪೆ ದೊರಗಾದದ್ದು ಬೇಡ. ಹೊಸದಾಗಿ ಇಡಲು ಶುರುಮಾಡಿದ ಎಳೆ ಕೋಳಿಯ ಮೊದಲ ಇಪ್ಪತ್ತು ಮೊಟ್ಟೆಗಳೂ ಬೇಡ, ಮರಿ ಬಂದರೂ ಸಣ್ಣದಾಗಿರುತ್ತದೆ. ಎರಡು ಮೊಟ್ಟೆಗಳನ್ನು ಮೆಲ್ಲಗೆ ಒಂದಕ್ಕೊಂದು ತಾಗಿಸಿ, ಒಡೆದ ಮಡಕೆಯ ಸದ್ದು ಬಂದರೆ ಒಂದರಲ್ಲಿ ಕೂದಲೆಳೆಯ ಬಿರುಕಿದೆ. ಮನೆಯ ಕೋಳಿಗಳ ಸಿಪ್ಪೆ ಯಾವಾಗಲೂ ತೆಳುವಾದರೆ ಸುಣ್ಣದ ಅಂಶ ಸಾಲದು. ಮರುವಾಯಿ (ಕಪ್ಪೆಚಿಪ್ಪು) ತಿಂದು ಉಳಿದ ಚಿಪ್ಪನ್ನು ಕುಟ್ಟಿ, ಜೋಳದ ಕಾಳಿನಷ್ಟು ತುಂಡು ಮಾಡಿ ಒಂದು ಗೆರಟೆಯಲ್ಲಿ ಬೇರೆಯಾಗಿಡಿ, ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ಬೇರೆ ಊರಿಂದ ಬೈಕಿನಲ್ಲೋ ಬಸ್ಸಿನಲ್ಲೋ ತಂದ ಮೊಟ್ಟೆಯನ್ನು ಚೂಪು ತುದಿ ಕೆಳಗಾಗಿ ಒಂದು ದಿನ ಅಲ್ಲಾಡದಂತೆ ಇರಿಸಿದ ಮೇಲೆಯೇ ಕಾವಿಗೆ ಹಾಕಿ.

ಎಷ್ಟು ಮೊಟ್ಟೆ? ಒಂದೂವರೆ ಕಿಲೋದ ಊರ ಹೇಂಟೆಗೆ 9 ಅಥವಾ 10, ಮೈತುಂಬಿದ ದೊಡ್ಡದಕ್ಕೆ 12. ಹದಿನೈದು ಇಟ್ಟರೆ ಮೂರೇ ತಾನೇ ಹಾಳಾಗುವುದು ಎಂಬ ಲೆಕ್ಕ ತಪ್ಪು. ಕೋಳಿ ದಿನಕ್ಕೆ ಹಲವು ಸಲ ಮೊಟ್ಟೆಗಳನ್ನು ಕೊಕ್ಕಿನಿಂದ ತಿರುಗಿಸುತ್ತಾ ಅಂಚಿನದನ್ನು ನಡುವಿಗೆ, ನಡುವಿನದನ್ನು ಅಂಚಿಗೆ ದೂಡುತ್ತದೆ. ಹೊರಗುಳಿದು ತಣಿಯುವ ಸರದಿ ಎಲ್ಲಕ್ಕೂ ಬರುತ್ತದೆ, ಕೊನೆಗೆ ಹದಿನೈದರಲ್ಲಿ ಐದೇ ಮರಿ. ಬೆಸ ಸಂಖ್ಯೆಯಲ್ಲೇ ಇಡಬೇಕೆನ್ನುವವರ ಜತೆ ವಾದ ಬೇಡ, ಒಂಬತ್ತೋ ಹನ್ನೊಂದೋ ಇಟ್ಟರೆ ಇಬ್ಬರಿಗೂ ಸಮಾಧಾನ.

ಜಾಗ ಮತ್ತು ಬುಟ್ಟಿ

ಬೇರೆ ಕೋಳಿಗಳು ಬರುವ ಜಾಗದಲ್ಲಿ ಕಾವಿಗೆ ಇಡಬೇಡಿ. ಅವು ಅದೇ ಬುಟ್ಟಿಗೆ ಹತ್ತಿ ಹೊಸ ಮೊಟ್ಟೆ ಇಡುತ್ತವೆ, ಜಗಳದಲ್ಲಿ ಇದ್ದದ್ದೂ ಒಡೆಯುತ್ತದೆ. ಮಬ್ಬು ಬೆಳಕಿನ, ಗಾಳಿಯಾಡುವ, ಮಳೆ ಎರಚದ ಮೂಲೆ ಬೇಕು. ಸೌದೆ ಕೊಟ್ಟಿಗೆ ಆದೀತು, ಆದರೆ ಅಡಿಕೆ ಒಣಗಿಸುವ ಹೊಗೆ ಅಟ್ಟದ ಹತ್ತಿರ ಬೇಡ. ತಗಡಿನ ಮಾಡಿನ ಅಡಿಯಾದರೆ ಮಧ್ಯಾಹ್ನ ಕೈಯಿಟ್ಟು ನೋಡಿ. ಕೋಳಿ ಬಾಯಿ ತೆರೆದು ಏದುಸಿರು ಬಿಡುವಷ್ಟು ಬಿಸಿಯಿದ್ದರೆ ಅದು ಮೊಟ್ಟೆ ಬಿಟ್ಟು ಎದ್ದೇಳುತ್ತದೆ.

ಬುಟ್ಟಿ ಒಂದೂಕಾಲು ಅಡಿ ಅಗಲ, ಅರ್ಧ ಅಡಿ ಆಳ. ಬೆತ್ತದ್ದೋ ಬಳ್ಳಿಯದ್ದೋ ಒಳ್ಳೆಯದು; ಪ್ಲಾಸ್ಟಿಕ್ ಟಬ್ಬಾದರೆ ತಳಕ್ಕೆ ನಾಲ್ಕೈದು ತೂತು ಕೊರೆಯಿರಿ. ತಳದಲ್ಲಿ ಎರಡು ಇಂಚು ಮರಳು ಅಥವಾ ಜರಡಿ ಹಿಡಿದ ಮಣ್ಣು, ನಡುವೆ ಅಂಗೈಯಿಂದ ಒತ್ತಿ ಊಟದ ತಟ್ಟೆಯಷ್ಟೇ ಸಣ್ಣ ತಗ್ಗು. ತಗ್ಗು ಇಲ್ಲದಿದ್ದರೆ ಮೊಟ್ಟೆ ಅಂಚಿಗೆ ಉರುಳುತ್ತದೆ, ಹೆಚ್ಚಾದರೆ ಒಂದರ ಮೇಲೊಂದು ಬಿದ್ದು ಒಡೆಯುತ್ತದೆ. ಮಣ್ಣಿನ ಮೇಲೆ ಒಂದು ಹಿಡಿ ಒಲೆಯ ಬೂದಿ ಉದುರಿಸಿ, ಅದರ ಮೇಲೆ ಒಣ ಲಕ್ಕಿಸೊಪ್ಪು, ತುಳುವಿನ ನೆಕ್ಕಿ. ಕೊನೆಗೆ ಕತ್ತರಿಸಿ ಮೆದು ಮಾಡಿದ ಬೈಹುಲ್ಲು. ತೆಂಗಿನ ನಾರು ಹಾಕಬೇಡಿ, ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ.

ಬೂದಿ, ಸೊಪ್ಪು ಯಾಕೆಂದರೆ ಹೇನು. ಕಾವಿಗೆ ಕೂತ ಕೋಳಿ ಮಣ್ಣಿನಲ್ಲಿ ಹೊರಳುವುದು ಕಡಿಮೆ, ಮೈಬಿಸಿಗೆ ಹೇನು ಒಂದಕ್ಕೆ ನೂರಾಗುತ್ತದೆ. ರಾತ್ರಿ ರಕ್ತ ಹೀರುವ ಕೆಂಪು ನುಸಿ ಗೂಡಿನ ಮರದ ಸಂದಿಗಳಲ್ಲಿ ಅಡಗಿರುತ್ತದೆ. ಹತ್ತು–ಹನ್ನೆರಡು ದಿನ ಚೆನ್ನಾಗಿ ಕೂತ ಕೋಳಿ ಕಾರಣವಿಲ್ಲದೆ ಬಿಟ್ಟು ಎದ್ದಿತೆಂದರೆ ಮೊದಲ ಅನುಮಾನ ಇದರ ಮೇಲೆ. ಟಾರ್ಚ್ ಹಿಡಿದು ರಾತ್ರಿ ನೋಡಿ, ಬುಟ್ಟಿಯಂಚಿನಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು ಹರಿದಾಡುತ್ತಿದ್ದರೆ ಅದೇ. ಹುಲ್ಲನ್ನು ಸುಟ್ಟು, ಹೊಸ ಬುಟ್ಟಿಗೆ ಮೊಟ್ಟೆ ದಾಟಿಸಿ, ಕೋಳಿಯ ರೆಕ್ಕೆಯಡಿ ಮತ್ತು ಬಾಲದ ಬುಡಕ್ಕೆ ಬೂದಿ ತಿಕ್ಕಿ ಕೂರಿಸಿ. ಹಳೆ ಗೂಡಿನ ಸಂದಿಗಳಿಗೆ ಕುದಿನೀರು ಹೊಯ್ದು, ಒಣಗಿದ ಮೇಲೆ ಸುಣ್ಣ ಬಳಿಯಿರಿ.

ಇರುವೆಗೆ ಹಳೆಯ ಉಪಾಯವೇ ಸಾಕು: ಬುಟ್ಟಿಯನ್ನು ಸ್ಟೂಲಿನ ಮೇಲಿಟ್ಟು ನಾಲ್ಕು ಕಾಲಿಗೂ ನೀರು ತುಂಬಿದ ಗೆರಟೆ. ಸ್ಟೂಲು ಗೋಡೆಗೆ ತಾಗಬಾರದು. ಹಾವು, ಮುಂಗುಸಿ, ಹೆಗ್ಗಣಕ್ಕೆ ಅದು ಸಾಲದು, ಸುತ್ತ ಅರ್ಧ ಇಂಚು ಕಣ್ಣಿನ ಕಬ್ಬಿಣದ ಜಾಲರಿ ಬೇಕು. ಮೀನಿನ ಬಲೆ ಕಟ್ಟಿದರೆ ಹಾವು ಸಿಕ್ಕಿಹಾಕಿಕೊಂಡು ನಿಮಗೆ ಇನ್ನೊಂದು ಕೆಲಸ.

ಕೂರಿಸುವುದು

ಮೊದಲು ಹೊಸ ಬುಟ್ಟಿಯಲ್ಲಿ ಎರಡು ಬೇಡದ ಮೊಟ್ಟೆ ಇಟ್ಟು, ಕತ್ತಲಾದ ಮೇಲೆ ಕೋಳಿಯನ್ನು ಎರಡೂ ಕೈಯಲ್ಲಿ ರೆಕ್ಕೆ ಸಮೇತ ಹಿಡಿದು ಕೂರಿಸಿ, ಮೇಲೆ ಇನ್ನೊಂದು ಬುಟ್ಟಿ ಕವುಚಿ ಹಾಕಿ. ಹಗಲಲ್ಲಿ ಜಾಗ ಬದಲಿಸಿದರೆ ಹಳೆ ಜಾಗಕ್ಕೇ ಓಡುತ್ತದೆ. ಒಂದು ದಿನ ನೆಮ್ಮದಿಯಿಂದ ಕೂತರೆ ಮರುರಾತ್ರಿ ನಿಜವಾದ ಮೊಟ್ಟೆಗಳನ್ನು ಒಟ್ಟಿಗೇ ಅಡಿಗೆ ಸರಿಸಿ. ಇಂದು ನಾಲ್ಕು, ನಾಳೆ ಮೂರು ಎಂದು ಸೇರಿಸಬಾರದು. ಮೊದಲ ಮರಿಗಳು ಬಂದೊಡನೆ ತಾಯಿ ಅವುಗಳ ಹಿಂದೆ ಎದ್ದು ಹೋಗುತ್ತದೆ, ತಡವಾಗಿ ಇಟ್ಟವು ಒಳಗೇ ಸಾಯುತ್ತವೆ. ಎಲ್ಲ ಮೊಟ್ಟೆಗೂ ಪೆನ್ಸಿಲಿನಿಂದ ಗೀಟು ಹಾಕಿರಿ. ಆಮೇಲೆ ಗೀಟಿಲ್ಲದ್ದು ಕಂಡರೆ ಅಂದೇ ತೆಗೆಯಿರಿ.

ಭಾನುವಾರ ರಾತ್ರಿ ಇಟ್ಟರೆ ಮೂರು ವಾರ ಕಳೆದ ಭಾನುವಾರಕ್ಕೆ ಮರಿ, ಒಂದು ದಿನ ಹಿಂದೆ ಮುಂದೆ. ಕೋಳಿಯ ಅಡಿಗೆ ಬಾತಿನ ಮೊಟ್ಟೆ ಇಡುವುದಾದರೆ 28 ದಿನ, ಎರಡನ್ನೂ ಬೆರೆಸಬೇಡಿ.

ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಬುಟ್ಟಿಯಲ್ಲಿ ಕಬ್ಬಿಣದ ತುಂಡು, ಇದ್ದಿಲು ಇಡುವ ರೂಢಿಯಿದೆ. ಇಟ್ಟರೆ ನಷ್ಟವಿಲ್ಲ. ಮಳೆಗಾಲದಲ್ಲಿ ಕೆಡಿಸುವುದು ತೇವ. ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಜಿಲ್ಲೆ ಇದು, ಆಟಿಯಲ್ಲಿ (ಜುಲೈ–ಆಗಸ್ಟಿನ ತುಳು ತಿಂಗಳು) ಬೈಹುಲ್ಲಿಗೆ ಬೂಷ್ಟು ಬರಲು ಮೂರು ದಿನ ಸಾಕು. ಅದಕ್ಕೇ ನವರಾತ್ರಿಯಿಂದ ಶಿವರಾತ್ರಿಯವರೆಗಿನ ಕಾಲ ಒಳ್ಳೆಯದು. ಮಳೆ ಹಿಡಿಯುವ ಮುಂಚೆ, ಮೇ 24ರ ಸುಮಾರಿಗೆ ಬರುವ ಪತ್ತನಾಜೆಗೆ ಮೊದಲು ಮರಿಗೆ ಎರಡು ತಿಂಗಳು ತುಂಬಬೇಕಾದರೆ ಮಾರ್ಚ್ ಮೊದಲ ವಾರದೊಳಗೆ ಕಾವಿಗೆ ಇಟ್ಟಾಗಬೇಕು. ಮಳೆಯಲ್ಲೇ ಇಡುವುದು ಅನಿವಾರ್ಯವಾದರೆ ತಳದ ಮರಳು ಪೂರಾ ಒಣಗಿದ್ದಿರಲಿ. ಫೆಬ್ರವರಿ–ಮಾರ್ಚಿನಲ್ಲಾದರೆ ಬುಟ್ಟಿಯ ಅಂಚಿನ ಮರಳಿಗೆ ನಾಲ್ಕು ದಿನಕ್ಕೊಮ್ಮೆ ಒಂದು ಚಮಚ ನೀರು ಹನಿಸಬಹುದು. ಮೊಟ್ಟೆಯ ಮೇಲೆ ಬೇಡ.

21 ದಿನ

ಬಿಸಿ, ತಿರುಗಿಸುವುದು, ಗಾಳಿ, ಎಲ್ಲ ಅದರ ಕೆಲಸ. ನಿಮ್ಮದು ದಿನಕ್ಕೊಮ್ಮೆ ಊಟ. ಬೆಳಗ್ಗೆ ಒಂದೇ ಹೊತ್ತಿಗೆ ಒಂದೊಂದು ಹಿಡಿ ಭತ್ತ ಮತ್ತು ಗೋಧಿ ಅಥವಾ ಜೋಳ, ಪಕ್ಕದಲ್ಲಿ ನೀರು, ಹೊರಳಲು ಬೂದಿ ಬೆರೆಸಿದ ಮರಳು. ಕಾಳನ್ನೇ ಕೊಡಿ. ಅನ್ನ, ತೌಡಿನ ಗಂಜಿ ತಿಂದರೆ ಹಿಕ್ಕೆ ತೆಳುವಾಗಿ ಗೂಡಿನಲ್ಲೇ ಹಾಕಿ ಮೊಟ್ಟೆ ಹೊಲಸಾಗುತ್ತದೆ. ತಾನಾಗಿ ಏಳದಿದ್ದರೆ ಎತ್ತಿ ಇಳಿಸಿ, ಆದರೆ ರೆಕ್ಕೆಯ ಸಂದಿಯಲ್ಲಿ ಮೊಟ್ಟೆ ಸಿಕ್ಕಿಕೊಂಡಿದೆಯೋ ನೋಡಿ. 15–30 ನಿಮಿಷ ಹೊರಗಿರುವುದು ಒಳ್ಳೆಯದೇ. ಯಾವುದೋ ಕಾರಣಕ್ಕೆ ಒಂದೆರಡು ಗಂಟೆ ತಡವಾಗಿ ಮೊಟ್ಟೆ ತಣ್ಣಗಾದರೂ ಎಸೆಯಬೇಡಿ, ಕೂರಿಸಿ ನಾಲ್ಕು ದಿನ ಬಿಟ್ಟು ಬೆಳಕು ಹಿಡಿದು ನೋಡಿ. ತೋಟಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯುವ ದಿನ ಮಾತ್ರ ಕೋಳಿಯನ್ನು ಹೊರಗೆ ಬಿಡಬೇಡಿ, ಹಾಳೆಯಲ್ಲಿ ನಿಂತ ಮೈಲುತುತ್ತಿನ ನೀರು ಕುಡಿದರೆ ಕಷ್ಟ.

7ನೆಯ ರಾತ್ರಿ ಮೊದಲ ಪರೀಕ್ಷೆ. ಕತ್ತಲ ಕೋಣೆಯಲ್ಲಿ ಮೊಬೈಲಿನ ಟಾರ್ಚಿನ ಮೇಲೆ, ನಡುವೆ ರೂಪಾಯಿಗಿಂತ ಸಣ್ಣ ತೂತು ಮಾಡಿದ ರಟ್ಟಿನ ತುಂಡು ಇಟ್ಟು, ಮೊಟ್ಟೆಯ ದಪ್ಪ ತುದಿಯನ್ನು ತೂತಿಗೆ ಹಿಡಿಯಿರಿ. ಜೇಡನ ಕಾಲಿನಂತೆ ಕೆಂಪು ನರಗಳು, ನಡುವೆ ಅಲ್ಲಾಡುವ ಕಪ್ಪು ಚುಕ್ಕೆ ಕಂಡರೆ ಜೀವ ಇದೆ. ಒಳಗೆಲ್ಲ ಒಂದೇ ಸಮ ಹಳದಿ ಬೆಳಕಾದರೆ ಫಲ ಕೂಡಿದ ಮೊಟ್ಟೆಯಲ್ಲ. ಕೆಂಪು ಉಂಗುರ ಮಾತ್ರ ಕಂಡರೆ ಮೂರು–ನಾಲ್ಕನೆಯ ದಿನವೇ ಸತ್ತಿದೆ. ಇವೆರಡನ್ನೂ ತೆಗೆಯಿರಿ. ಗೊಂದಲವಿದ್ದರೆ ಗುರುತು ಹಾಕಿ 10ನೆಯ ದಿನ ಮತ್ತೆ ನೋಡಿ. ಒಂದು ಮೊಟ್ಟೆಗೆ ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಡ, ಟಾರ್ಚಿಗೂ ಬಿಸಿಯಿದೆ. 14ನೆಯ ದಿನ ಇನ್ನೊಮ್ಮೆ ನೋಡಿದರೆ ಗಾಳಿಯ ಜಾಗ ಬಿಟ್ಟು ಉಳಿದದ್ದೆಲ್ಲ ಕಪ್ಪಾಗಿರಬೇಕು. ವಾಸನೆ ಬರುವ, ಸಿಪ್ಪೆಯ ಮೇಲೆ ಬೆವರಿನಂತೆ ಜಿನುಗುವ ಮೊಟ್ಟೆಯನ್ನು ಜಾಗ್ರತೆಯಿಂದ ತೆಗೆದು ದೂರ ಹೂಳಿ. ಅದು ಬುಟ್ಟಿಯಲ್ಲೇ ಸಿಡಿದರೆ ಉಳಿದವಕ್ಕೂ ಕೊಳೆ ಹಿಡಿಯುತ್ತದೆ.

18ನೆಯ ದಿನದ ಮೇಲೆ ಮೊಟ್ಟೆ ಮುಟ್ಟಬೇಡಿ. ಮರಿ ಆಗ ದಪ್ಪ ತುದಿಯ ಕಡೆ ತಲೆ ತಿರುಗಿಸಿ ಸಿದ್ಧವಾಗುತ್ತಿರುತ್ತದೆ. 20ರ ಹೊತ್ತಿಗೆ ಒಳಗಿನಿಂದ ಸಣ್ಣ ಚಿಲಿಪಿಲಿ, ತಾಯಿ ಮೆಲುದನಿಯಲ್ಲಿ ಉತ್ತರಿಸುತ್ತದೆ. ಸಿಪ್ಪೆಯಲ್ಲಿ ಮೊದಲ ಬಿರುಕು ಕಂಡ ಮೇಲೆ ಮರಿ ಹೊರಬರಲು 12ರಿಂದ 24 ಗಂಟೆ ಬೇಕು. ಈ ಹೊತ್ತಿನಲ್ಲಿ ಕೈ ತುರಿಸುವವರು ಬಹಳ. ಸಿಪ್ಪೆಯೊಳಗಿನ ಪೊರೆಯ ರಕ್ತನಾಳಗಳು ಒಣಗಿ, ಹಳದಿ ಭಾಗ ಹೊಟ್ಟೆಯೊಳಕ್ಕೆ ಹೋಗುವ ಕೆಲಸ ಆಗಲೇ ನಡೆಯುತ್ತಿರುತ್ತದೆ. ಸಿಪ್ಪೆ ಸುಲಿದು ರಕ್ತ ಬಂದರೆ ಮರಿ ಉಳಿಯುವುದಿಲ್ಲ.

ಮೊದಲ ಮರಿ ಬಂದು ಒಂದೂವರೆ ದಿನದಲ್ಲಿ ತಾಯಿ ಏಳುತ್ತದೆ. ಬಿರುಕೇ ಬಾರದೆ ಉಳಿದ ಮೊಟ್ಟೆಗಳನ್ನು ಕೈಗೆ ಹಿತವಾದ, 38 ಡಿಗ್ರಿಯಷ್ಟು ಬಿಸಿ ನೀರಿನಲ್ಲಿ ಒಂದು ನಿಮಿಷ ತೇಲಿಸಿ. ಅಲುಗಿದರೆ ಜೀವವಿದೆ, ಒರೆಸಿ ಮತ್ತೆ ಅಡಿಗೆ ಇಡಿ. ಬಿರುಕು ಬಿಟ್ಟದ್ದನ್ನು ನೀರಿಗೆ ಹಾಕಿದರೆ ಮರಿ ಮುಳುಗಿ ಸಾಯುತ್ತದೆ. ಹತ್ತಕ್ಕೆ ಏಳೆಂಟು ಬಂದರೆ ಒಳ್ಳೆಯ ಫಲ.

ಪೂರ್ತಿ ಬೆಳೆದ ಮರಿಗಳು ಒಳಗೇ ಸತ್ತಿದ್ದರೆ ಒಡೆದು ನೋಡಿ. ಮೈ ಉಬ್ಬಿ ನೀರು ತುಂಬಿದಂತಿದ್ದರೆ ತೇವ ಹೆಚ್ಚಾಗಿದೆ. ಪೊರೆ ಮೈಗೆ ಅಂಟಿ ಒಣಗಿದ್ದರೆ ಕಡಿಮೆಯಾಗಿದೆ. ಬಹಳಷ್ಟು ಮೊಟ್ಟೆಗಳಲ್ಲಿ ಮೊದಲ ವಾರದ ಉಂಗುರ ಇದ್ದರೆ ಇಟ್ಟ ಮೊಟ್ಟೆ ಹಳತು ಅಥವಾ ಬಿಸಿಲಿನಲ್ಲಿ ಉಳಿದದ್ದು. ಎಲ್ಲವೂ ಸ್ವಚ್ಛ ಹಳದಿಯಾದರೆ ಹುಂಜವನ್ನು ನೋಡಿ.

ಮರಿಗಳು

ಹೊಟ್ಟೆಯಲ್ಲಿ ಹಳದಿಯ ಬುತ್ತಿ ಇರುವುದರಿಂದ ಮರಿ ಎರಡು ದಿನ ಉಣ್ಣದಿದ್ದರೂ ತೊಂದರೆಯಿಲ್ಲ, ಬುಟ್ಟಿಯಲ್ಲೇ ಇರಲಿ. ಎಲ್ಲ ಒಣಗಿ ಉಬ್ಬಿದ ಮೇಲೆ ತಾಯಿ ಸಮೇತ ನೆಲಕ್ಕೆ ಇಳಿಸಿ. ಸ್ಟೂಲಿನ ಮೇಲಿನ ಬುಟ್ಟಿಗೆ ಅವು ಮರಳಿ ಹತ್ತಲಾರವು. ಮೊದಲು ನೀರು, ತಟ್ಟೆಯಲ್ಲಿ ಬೆಣಚು ಕಲ್ಲು ಹರಡಿ ಸಂದಿಯಲ್ಲಿ ಮಾತ್ರ ನಿಲ್ಲುವಷ್ಟು, ಇಲ್ಲದಿದ್ದರೆ ಅದರಲ್ಲೇ ಮುಳುಗುತ್ತವೆ. ಆಮೇಲೆ ಅಡಿಕೆ ಹಾಳೆಯ ಮೇಲೆ ಮರಿಗಳ ಸ್ಟಾರ್ಟರ್ ಆಹಾರ, ಮೊದಲ ವಾರ ಮರಿಗೆ ದಿನಕ್ಕೆ 8–10 ಗ್ರಾಂ. ನುಚ್ಚು ಮಾತ್ರ ಕೊಟ್ಟರೆ ಹೊಟ್ಟೆ ತುಂಬುತ್ತದೆ, ಬೆಳವಣಿಗೆ ಕುಂಟುತ್ತದೆ. ಗೆದ್ದಲು ಸಿಕ್ಕಿದರೆ ಬಿಡಬೇಡಿ.

ಹದ್ದು, ಕಾಗೆ, ಬೆಕ್ಕು ಮೊದಲ ಎರಡು ವಾರದಲ್ಲೇ ಅರ್ಧ ಗುಂಪನ್ನು ಮುಗಿಸಬಲ್ಲವು. ಅಷ್ಟು ದಿನ ಜಾಲರಿಯೊಳಗೇ ಇಡಿ, ಮೂರನೆಯ ವಾರದಿಂದ ಬಿಸಿಲೇರಿದ ಮೇಲೆ ಅಂಗಳಕ್ಕೆ. ಮೂರರಿಂದ ಆರು ವಾರದ ಮರಿ ಜೋತು ಕೂತು ರಕ್ತ ಬೆರೆತ ಹಿಕ್ಕೆ ಹಾಕಿದರೆ ಒದ್ದೆ ನೆಲದಿಂದ ಬರುವ ರಕ್ತಭೇದಿ. ಅಂದೇ ಮೃಗಾಸ್ಪತ್ರೆಗೆ ಹೋಗಿ ಔಷಧ ತನ್ನಿ, ನೆಲದ ಉಮಿಯನ್ನು ಬದಲಿಸಿ.

ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ 5–7ನೆಯ ದಿನ ಕಣ್ಣಿಗೋ ಮೂಗಿಗೋ ಒಂದು ಹನಿ, ಲಸೋಟ ಅಥವಾ ಎಫ್ ಎಂಬ ಬಗೆಯದು. ನಾಲ್ಕನೆಯ ವಾರದಲ್ಲಿ ಮತ್ತೆ ಲಸೋಟ, ಎಂಟನೆಯ ವಾರದಲ್ಲಿ ಚುಚ್ಚುಮದ್ದು. ತೊಂದರೆಯೇನೆಂದರೆ ಒಂದು ಸೀಸೆಯಲ್ಲಿ ನೂರಾರು ಮರಿಗಾಗುವಷ್ಟು ಇರುತ್ತದೆ, ಬೆರೆಸಿದ ಎರಡು ಗಂಟೆಯೊಳಗೆ ಮುಗಿಯಬೇಕು. ನೆರೆಕರೆಯ ನಾಲ್ಕೈದು ಮನೆಯವರು ಒಂದೇ ವಾರದಲ್ಲಿ ಕಾವಿಗೆ ಇಟ್ಟರೆ ಒಂದೇ ಸೀಸೆ ಎಲ್ಲರಿಗೂ ಆಗುತ್ತದೆ. ತರುವಾಗ ಐಸ್ ಹಾಕಿದ ಫ್ಲಾಸ್ಕ್ ಒಯ್ಯಿರಿ, ಬಿಸಿಲಲ್ಲಿ ಜೇಬಿನಲ್ಲಿ ಬಂದ ಲಸಿಕೆ ಬರೀ ನೀರು.

ತಾಯಿ ಆರರಿಂದ ಎಂಟು ವಾರ ಮರಿಗಳನ್ನು ನೋಡಿಕೊಂಡು, ಆಮೇಲೆ ತಾನೇ ಕುಕ್ಕಿ ಓಡಿಸುತ್ತದೆ. ಬೇಗ ಮೊಟ್ಟೆಗೆ ಬರಬೇಕೆಂದಿದ್ದರೆ ಚಳಿಯಿಲ್ಲದ ಕಾಲದಲ್ಲಿ ಐದನೆಯ ವಾರಕ್ಕೇ ಬೇರೆ ಮಾಡಬಹುದು, ಆದರೆ ರಾತ್ರಿ ಮರಿಗಳ ಗೂಡಿಗೆ ಬಲ್ಬಿನ ಬಿಸಿ ಬೇಕಾದೀತು. ಒಂದು ಹೇಂಟೆಯನ್ನು ವರ್ಷಕ್ಕೆ ಮೂರು ಸಲಕ್ಕಿಂತ ಹೆಚ್ಚು ಕೂರಿಸಬೇಡಿ, ಪ್ರತಿ ಸಲವೂ ತೂಕ ಇಳಿದಿರುತ್ತದೆ. ಮತ್ತೆ ಬೇಗನೆ ಕಾವು ಬಂದರೆ ತಳಕ್ಕೂ ಜಾಲರಿಯಿರುವ, ಹುಲ್ಲಿಲ್ಲದ ಗೂಡಿನಲ್ಲಿ ನೀರು, ಆಹಾರ ಕೊಟ್ಟು ಮೂರು–ನಾಲ್ಕು ದಿನ ಇಡಿ, ಅಡಿಯಿಂದ ಗಾಳಿಯಾಡಿ ಎದೆ ತಣಿದರೆ ಕಾವು ಬಿಡುತ್ತದೆ. ಮೂಗಿಗೆ ಗರಿ ಚುಚ್ಚುವ, ನೀರಿಗೆ ಅದ್ದುವ ಕ್ರಮ ಬೇಡ.